‘ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ’ ಎಂಬ ಉಪದೇಶ

ಇಂಗ್ಲಿಷಿನಿಂದ ಬಂದು ನಮ್ಮ ಮಾತಿನಲ್ಲಿ ಬೇರೂರಿರುವ ಪದಗಳಲ್ಲಿ ‘ಅಡ್ಜಸ್ಟ್’ ಎಂಬುದರಷ್ಟು ಸುಖವಾಗಿ ಬದುಕುತ್ತಿರುವ ಪದ ಇನ್ನೊಂದಿಲ್ಲ. ಮಾಲೂರಿನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ, ಮೂವರು ಕೂರುವ ಆಸನದಲ್ಲಿ ನಾಲ್ಕನೆಯವರಿಗೆ ಜಾಗ ಬಿಡುವಾಗ ಅದು ಸೌಜನ್ಯದ ಪದ. ಕೊಟ್ಟವರೂ ಪಡೆದವರೂ ಇಕ್ಕಟ್ಟನ್ನು ಹಂಚಿಕೊಳ್ಳುತ್ತಾರೆ. ಆದರೆ ರಾತ್ರಿ ಹನ್ನೊಂದರ ಮೇಲೆ, ಬೀದಿಯಲ್ಲಿ ಹಾಕಿದ ಶಾಮಿಯಾನದೊಳಗಿಂದ ಧ್ವನಿವರ್ಧಕ ಅಬ್ಬರಿಸುತ್ತಿರುವಾಗ, ಎಪ್ಪತ್ತು ದಾಟಿದವರೊಬ್ಬರು ಹೊರಗೆ ಬಂದು ಕೈಮುಗಿದರೆ ಸಿಗುವ ‘ವರ್ಷಕ್ಕೊಂದು ದಿನ ತಾನೆ ಮೇಷ್ಟ್ರೇ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬ ಉತ್ತರದಲ್ಲಿ ಆ ಹಂಚಿಕೆಯಿಲ್ಲ. ಅಲ್ಲಿ ಇಕ್ಕಟ್ಟೆಲ್ಲ ಒಬ್ಬರದು, ವಿಶಾಲವೆಲ್ಲ ಇನ್ನೊಬ್ಬರದು. ಈ ಉಪದೇಶವನ್ನು ನಾನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲವೆಂಬುದನ್ನು ಓದುಗರ ಮುಂದಿಡುವುದೇ ಈ ಬರಹದ ಉದ್ದೇಶ.

ಈ ಉಪದೇಶದ ಹಿಂದೆ ಒಂದು ತಪ್ಪು ತಿಳಿವಳಿಕೆಯಿದೆ. ನಿವೃತ್ತರಿಗೆ ಕೆಲಸವಿಲ್ಲ, ರಾತ್ರಿ ಕೆಟ್ಟ ನಿದ್ದೆಯನ್ನು ಹಗಲು ಮಾಡಿ ತೀರಿಸಿಕೊಳ್ಳಬಹುದು ಎಂಬುದೇ ಅದು. ಸರಕಾರಿ ಕೆಲಸಕ್ಕೆ ನಿವೃತ್ತಿಯುಂಟು. ಮನೆಗೆಲಸಕ್ಕೆ ನಿವೃತ್ತಿಯೆಂಬುದು ಇಲ್ಲವೇ ಇಲ್ಲ. ಮಕ್ಕಳು ಬೆಂಗಳೂರಿಗೋ ಪರದೇಶಕ್ಕೋ ಹೋದ ಮೇಲೆ ನಮ್ಮಂಥ ಊರುಗಳಲ್ಲಿ ಎಷ್ಟೋ ಮನೆಗಳಲ್ಲಿ ಉಳಿದಿರುವವರು ಇಬ್ಬರೇ ವೃದ್ಧರು, ಕೆಲವೆಡೆ ಒಬ್ಬರೇ. ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವುದು, ಹಾಲು ತರುವುದು, ಕಸ ಗುಡಿಸುವುದು, ಸೊಪ್ಪು ಬಿಡಿಸುವುದು, ಮುದ್ದೆ ತೊಳಸುವುದು, ಪಾತ್ರೆ ತಿಕ್ಕುವುದು, ಬಟ್ಟೆ ಒಗೆದು ತಾರಸಿಗೆ ಹೊತ್ತು ಒಣಹಾಕುವುದು ಎಲ್ಲವೂ ಅವರದೇ ಕೈಯಿಂದ ಆಗಬೇಕು. ಇಪ್ಪತ್ತು ವರ್ಷದ ಹುಡುಗಿ ಹತ್ತು ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ಮಂಡಿನೋವಿನ ಅಜ್ಜಿಗೆ ಮುಕ್ಕಾಲು ಗಂಟೆ ಬೇಕು.

ಇದರ ಮೇಲೆ ನೀರಿನ ಪಾಡು. ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳು ಬತ್ತಿ, ಕೊಳವೆ ಬಾವಿಗಳು ಸಾವಿರ ಅಡಿಯ ಆಚೆಗೆ ಇಳಿದ ಸೀಮೆ ಇದು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆಯಾದರೂ ಅದು ಅಂತರ್ಜಲಕ್ಕೆಂದು ಬಿಟ್ಟ ನೀರು, ನೇರವಾಗಿ ಕುಡಿಯುವುದಕ್ಕಲ್ಲ. ನಲ್ಲಿಯಲ್ಲಿ ನೀರು ಬರುವ ದಿನ, ಬರುವ ಹೊತ್ತಿಗೆ ಎದ್ದು ಬಿಂದಿಗೆ, ಡ್ರಮ್ಮು, ತೊಟ್ಟಿಗಳನ್ನು ತುಂಬಿಕೊಳ್ಳದಿದ್ದರೆ ಟ್ಯಾಂಕರಿಗೆ ಹಣ ತೆರಬೇಕು. ನೀರು ಬೆಳಗಿನ ಐದಕ್ಕೆ ಬಂದರೆ ಐದಕ್ಕೇ ಏಳಬೇಕು. ‘ರಾತ್ರಿ ಒಂದರವರೆಗೆ ಮೈಕ್ ಇತ್ತು, ಇವತ್ತು ಸ್ವಲ್ಪ ತಡವಾಗಿ ಬಾ’ ಎಂದರೆ ನಲ್ಲಿ ಕೇಳುವುದಿಲ್ಲ. ನಿದ್ದೆಗೆಟ್ಟು, ತಲೆ ಸುತ್ತುತ್ತ, ತುಂಬಿದ ಬಿಂದಿಗೆ ಹಿಡಿದು ಒದ್ದೆ ಮೆಟ್ಟಿಲು ಹತ್ತುವ ವೃದ್ಧೆಯ ಕಾಲು ಜಾರಿದರೆ, ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿಯುವುದೆಂದರೆ ಹಾಸಿಗೆ ಹಿಡಿಯುವುದೆಂದೇ ಅರ್ಥ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ಮುದುಕರ ನಿದ್ದೆ ಹುಡುಗರ ನಿದ್ದೆಯಂತಲ್ಲ. ವಯಸ್ಸಾದಂತೆ ಗಾಢನಿದ್ದೆಯ ಪಾಲು ಕಡಿಮೆಯಾಗುತ್ತದೆ. ಒಮ್ಮೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತುವುದು ಕಷ್ಟ. ‘ನಿಮಗೆ ಕಿವಿಯೇ ಸರಿಯಾಗಿ ಕೇಳುವುದಿಲ್ಲವಲ್ಲ, ತೊಂದರೆ ಏನು?’ ಎಂದು ನಗುವವರಿದ್ದಾರೆ. ಇಳಿವಯಸ್ಸಿನ ಕಿವಿಯ ವಿಪರ್ಯಾಸ ಅವರಿಗೆ ತಿಳಿಯದು. ಮೆಲುಮಾತು ಕೇಳಿಸದ ಕಿವಿಗೇ ದೊಡ್ಡ ಸದ್ದು ಸಹಿಸಲಾಗದಷ್ಟು ಚುಚ್ಚುವುದುಂಟು. ಮುಪ್ಪಿನಲ್ಲಿ ಮೊದಲು ಮಂದವಾಗುವುದು ಹಕ್ಕಿಯ ದನಿಯಂಥ ಕೀರಲು ಸ್ವರಗಳಿಗೆ. ಡಿಜೆ ಪೆಟ್ಟಿಗೆಯ ‘ಧಮ್ ಧಮ್’ ಎಂಬ ತಗ್ಗುಸ್ವರ ಗೋಡೆಯನ್ನು ದಾಟಿ ಎದೆಗೇ ಬಂದು ಬಡಿಯುತ್ತದೆ. ಕಿವಿಗೆ ಹತ್ತಿ ಇಟ್ಟುಕೊಂಡರೆ ಅದು ನಿಲ್ಲುವುದಿಲ್ಲ.

ಮೂವತ್ತು ವರ್ಷ ತರಗತಿಯಲ್ಲಿ ‘ಸದ್ದು!’ ಎಂದು ಮೇಜು ಕುಟ್ಟಿದವನಿಗೆ ಸದ್ದಿನ ಮೇಲೆ ಹಗೆ ಸಹಜವೆಂದು ಮಿತ್ರರು ತಮಾಷೆ ಮಾಡುತ್ತಾರೆ. ‘ಹಿಂದಿನ ಕಾಲವೇನು ನಿಶ್ಶಬ್ದವಾಗಿತ್ತೇ?’ ಎಂದೂ ಕೇಳುತ್ತಾರೆ. ಖಂಡಿತ ಇರಲಿಲ್ಲ. ಕೋಳಿ ಕೂಗುವ ಮುನ್ನವೇ ಮನೆಮನೆಯಲ್ಲೂ ರಾಗಿ ಬೀಸುವ ಕಲ್ಲಿನ ಗರಗರ, ಒನಕೆಯ ಪೆಟ್ಟು, ಗಾಡಿಯೆತ್ತುಗಳ ಗಂಟೆ, ಟೂರಿಂಗ್ ಟಾಕೀಸಿನ ಕೊಂಬಿನ ಮೈಕು ಎಲ್ಲವೂ ಇದ್ದವು. ಇಂದಿಗೂ ಬಂಗಾರಪೇಟೆಯ ಕಡೆಗೆ ರಾತ್ರಿಯಿಡೀ ರೈಲುಗಳು ಕೂಗುತ್ತ ಹೋಗುತ್ತವೆ. ಆದರೆ ರಾಗಿ ಬೀಸುವ ಸದ್ದಿಗೂ ಇಂದಿನ ಡಿಜೆಯ ಸದ್ದಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಬೀಸುವ ಕಲ್ಲಿನ ಸದ್ದು ಕೆಲಸದ ಜೊತೆಗೆ ಹುಟ್ಟುತ್ತಿತ್ತು, ಹಿಟ್ಟಾದೊಡನೆ ನಿಲ್ಲುತ್ತಿತ್ತು. ಯಾರೂ ನೆರೆಮನೆಗೆ ಕೇಳಿಸಲೆಂದು ರಾಗಿ ಬೀಸಲಿಲ್ಲ.

ಆದ್ದರಿಂದ ಸದ್ದುಗಳಲ್ಲಿ ಎರಡು ಜಾತಿಯೆಂದು ನಾನು ವಿಂಗಡಿಸುತ್ತೇನೆ: ಕೆಲಸದ ಸದ್ದು ಮತ್ತು ಮೆರೆತದ ಸದ್ದು. ಪಕ್ಕದ ಮನೆಯ ತಾಯಿ ಐದೂವರೆಗೆ ಮಿಕ್ಸಿ ಹಾಕಿ ಚಟ್ನಿ ರುಬ್ಬುವುದು ಆರೂವರೆಯ ರೈಲು ಹಿಡಿಯುವ ಮಗನ ಬುತ್ತಿಗಾಗಿ. ಮಹಡಿಯವರ ಮೋಟಾರು ಗುಂಯ್‌ಗುಡುವುದು ನೀರು ಬಂದಿದೆಯೆಂದು. ನಮ್ಮೂರಿನ ಕೈಗಾರಿಕಾ ಪ್ರದೇಶದಲ್ಲೋ ನರಸಾಪುರದ ಕಾರ್ಖಾನೆಗಳಲ್ಲೋ ರಾತ್ರಿಪಾಳಿ ಮುಗಿಸಿ ಬಂದವನ ಬೈಕಿನ ಸದ್ದು ಅವನ ಅನ್ನದ ಸದ್ದು. ಹಸುಗೂಸು ನಡುರಾತ್ರಿ ಅತ್ತರೆ ಅದಕ್ಕೆ ಯಾವ ಕಾನೂನೂ ಅನ್ವಯಿಸುವುದಿಲ್ಲ. ಇಂಥವುಗಳ ಜೊತೆ ಹೊಂದಿಕೊಂಡು ಬಾಳುವುದೇ ನೆರೆಹೊರೆಯ ಧರ್ಮ. ಇವಕ್ಕೂ ಮುಖ ಸಿಂಡರಿಸುವ ಹಿರಿಯರು ತಮ್ಮ ಗೌರವವನ್ನು ತಾವೇ ಕಳೆದುಕೊಳ್ಳುತ್ತಾರೆ. ಆದರೆ ಹುಟ್ಟುಹಬ್ಬಕ್ಕೆ, ಗೃಹಪ್ರವೇಶಕ್ಕೆ, ಕ್ರಿಕೆಟ್ ಗೆಲುವಿಗೆ, ಚುನಾವಣೆಯ ಗೆಲುವಿಗೆ ಆಳೆತ್ತರದ ಪೆಟ್ಟಿಗೆಗಳನ್ನು ಬೀದಿಗೆ ತಿರುಗಿಸಿ ಇಡುವುದರಿಂದ ಯಾರ ಬುತ್ತಿಯೂ ತುಂಬುವುದಿಲ್ಲ. ಅದು ಕೇವಲ ಮೆರೆತ. ಅಂಥ ಸದ್ದು ಹೊರಡುವುದೇ ನೆರೆಯವರಿಗೆ ಕೇಳಿಸಲೆಂದು.

‘ವರ್ಷಕ್ಕೊಂದು ದಿನ’ ಎಂಬ ಲೆಕ್ಕವನ್ನೂ ಸ್ವಲ್ಪ ಪರಿಶೀಲಿಸೋಣ. ಒಂದು ಬೀದಿಯಲ್ಲಿ ಮೂವತ್ತು ಮನೆಗಳಿವೆ ಎಂದುಕೊಳ್ಳಿ. ಪ್ರತಿಯೊಂದು ಮನೆಯೂ ವರ್ಷಕ್ಕೆ ಒಂದೇ ದಿನ ಈ ಸ್ವಾತಂತ್ರ್ಯವನ್ನು ಬಳಸಿಕೊಂಡರೆ ಬೀದಿಯವರಿಗೆ ಮೂವತ್ತು ರಾತ್ರಿಗಳ ನಿದ್ದೆಯಿಲ್ಲ. ಇದಕ್ಕೆ ಗಣೇಶನ ಹಬ್ಬದ ಪೆಂಡಾಲು, ರಾಜ್ಯೋತ್ಸವದ ಆರ್ಕೆಸ್ಟ್ರಾ, ಹೊಸ ವರ್ಷ ಎಲ್ಲವನ್ನೂ ಸೇರಿಸಿ ಕೂಡಿ. ಸದ್ದು ಮಾಡುವವನಿಗೆ ಅದು ವರ್ಷಕ್ಕೊಂದು ದಿನ, ಕೇಳುವವನಿಗೆ ತಿಂಗಳುಗಟ್ಟಲೆ. ಮೂರನೆಯ ತರಗತಿಯ ಮಗುವೂ ಮಾಡಬಲ್ಲ ಈ ಗುಣಾಕಾರ ವಿದ್ಯಾವಂತರಿಗೆ ತೋಚದಿರುವುದು ಸೋಜಿಗ.

ನಾನು ಕೇಳುತ್ತಿರುವುದು ದಯೆಯನ್ನಲ್ಲ. ಈ ದೇಶದಲ್ಲಿ ಶಬ್ದಮಾಲಿನ್ಯ ನಿಯಮಗಳು 2000ದಲ್ಲಿಯೇ ಜಾರಿಗೆ ಬಂದಿವೆ. ಜನವಸತಿಯ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಎಂಬುದು ಮಿತಿ. ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಡೆಸಿಬಲ್ ಲೆಕ್ಕ ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಪ್ರತಿ ಹತ್ತು ಡೆಸಿಬಲ್ ಏರಿಕೆಗೆ ಸದ್ದಿನ ಶಕ್ತಿ ಹತ್ತುಪಟ್ಟಾಗುತ್ತದೆ. 45 ಇರಬೇಕಾದಲ್ಲಿ 75 ಆದರೆ ಅದು ಸಾವಿರಪಟ್ಟು. ಲಿಖಿತ ಅನುಮತಿಯಿಲ್ಲದೆ ಧ್ವನಿವರ್ಧಕ ಹಾಕುವಂತಿಲ್ಲ. ರಾತ್ರಿಯ ಹೊತ್ತು ಮುಚ್ಚಿದ ಸಭಾಂಗಣದ ಒಳಗೆ ಮಾತ್ರ ಬಳಸಬಹುದು. ಬೀದಿಯ ಶಾಮಿಯಾನ ಮುಚ್ಚಿದ ಸಭಾಂಗಣವಲ್ಲ. ಹಬ್ಬಹರಿದಿನಗಳಿಗಾಗಿ ಸರಕಾರ ಹತ್ತರಿಂದ ಹನ್ನೆರಡರವರೆಗೆ ರಿಯಾಯಿತಿ ಕೊಡಬಹುದು, ಅದೂ ವರ್ಷಕ್ಕೆ ಒಟ್ಟು 15 ದಿನ ಮೀರದಂತೆ. ಸ್ವಂತ ಮನೆಯ ಟಿ.ವಿ., ಸ್ಪೀಕರುಗಳಿಗೂ ಕಾಂಪೌಂಡಿನ ಅಂಚಿನಲ್ಲಿ ಮಿತಿಯುಂಟು. 2010ರ ತಿದ್ದುಪಡಿಯು ರಾತ್ರಿ ವೇಳೆ ವಸತಿ ಪ್ರದೇಶದಲ್ಲಿ ಅಬ್ಬರದ ಕಟ್ಟಡಯಂತ್ರಗಳನ್ನೂ ಪಟಾಕಿಯನ್ನೂ ನಿಷೇಧಿಸಿತು. 2022ರ ಮೇ ತಿಂಗಳಲ್ಲಿ ಕರ್ನಾಟಕ ಸರಕಾರವೂ ಸುತ್ತೋಲೆ ಹೊರಡಿಸಿ ಅನುಮತಿಯ ನಿಯಮವನ್ನು ಮತ್ತೆ ನೆನಪಿಸಿತು. ಇಷ್ಟೆಲ್ಲ ಇದ್ದೂ ‘ಅಡ್ಜಸ್ಟ್’ ಎನ್ನುವವರು ಕಾನೂನನ್ನೇ ಅಡ್ಜಸ್ಟ್ ಮಾಡುತ್ತಿದ್ದಾರೆ.

ದೇವರ ಹೆಸರು ಹೇಳಿದರೆ ಬಾಯಿ ಮುಚ್ಚಿಸಬಹುದೆಂಬ ನಂಬಿಕೆಯೂ ಇದೆ. ನೆರೆಯವರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸುವುದಿಲ್ಲವೆಂದು ಸುಪ್ರೀಂ ಕೋರ್ಟು 2000ದಲ್ಲಿಯೇ ಚೆನ್ನೈನ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿತು. ದೇಗುಲ, ಮಸೀದಿ, ಚರ್ಚು ಎಂಬ ಭೇದ ಅದರಲ್ಲಿಲ್ಲ. 2005ರ ಜುಲೈ 18ರಂದು ಅದೇ ನ್ಯಾಯಾಲಯ ಶಬ್ದಮಾಲಿನ್ಯದ ಬಗ್ಗೆ ವಿಸ್ತಾರವಾದ ತೀರ್ಪು ನೀಡಿತು. ಆ ಮೊಕದ್ದಮೆಯ ಮೂಲ ಅರ್ಜಿಯಲ್ಲಿದ್ದುದು ಹದಿಮೂರು ವರ್ಷದ ಒಬ್ಬ ಬಾಲಕಿಯ ಸಂಗತಿ. ಅತ್ಯಾಚಾರಕ್ಕೆ ಒಳಗಾದಾಗ ಅವಳ ಕೂಗು ಸುತ್ತಲಿನ ಸಂಗೀತದ ಅಬ್ಬರದಲ್ಲಿ ಮುಳುಗಿಹೋಯಿತು. ಬಳಿಕ ಆಕೆ ಬೆಂಕಿ ಹಚ್ಚಿಕೊಂಡು ಪ್ರಾಣಬಿಟ್ಟಳು. ಒಂಟಿಯಾಗಿರುವ ವೃದ್ಧರ ಮನೆಯಲ್ಲಿ ರಾತ್ರಿ ಎದೆನೋವು ಬಂದು ಒಬ್ಬರು ಕೂಗಿದರೆ, ಎದುರಿಗೆ ಡಿಜೆ ಇದ್ದಾಗ ಯಾರಿಗೆ ಕೇಳಿಸೀತು? ನೆರೆಯೆಂಬುದು ಇರುವುದೇ ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳಿಸಲೆಂದಲ್ಲವೇ?

ಹಾಗಾದರೆ ದೂರು ಕೊಡಬಹುದಲ್ಲ ಎನ್ನುತ್ತೀರಿ. ಕೊಡಬಹುದು, 112ಕ್ಕೆ ಕರೆ ಮಾಡಬಹುದು. ಪೊಲೀಸರು ಬಂದರೆ ಸದ್ದು ಅರ್ಧ ಗಂಟೆ ತಗ್ಗುತ್ತದೆ, ಜೀಪು ತಿರುಗಿದ ಮೇಲೆ ಮತ್ತೆ ಏರುತ್ತದೆ. ಮರುದಿನದಿಂದ ‘ಪೊಲೀಸ್ ಕರೆಸಿದ ತಾತ’ ಎಂಬ ಬಿರುದು ಬೇರೆ. ಔಷಧ ತರಿಸಲು, ಗ್ಯಾಸ್ ಸಿಲಿಂಡರು ಎತ್ತಿಡಲು, ಆಟೋ ಕರೆಸಲು ಅದೇ ಬೀದಿಯ ಹುಡುಗರನ್ನೇ ಅವಲಂಬಿಸಿರುವ ವೃದ್ಧರು ಆ ಬಿರುದನ್ನು ಹೊರಲು ಹೆದರುತ್ತಾರೆ. ಹಿರಿಯ ನಾಗರಿಕರಿಗೆಂದೇ 14567 ಎಂಬ ಸಹಾಯವಾಣಿಯಿದೆ. ಅದು ಕೆಲಸ ಮಾಡುವುದು ಬೆಳಗಿನ ಎಂಟರಿಂದ ರಾತ್ರಿ ಎಂಟರವರೆಗೆ. ನಮ್ಮ ಸಂಕಟ ಶುರುವಾಗುವುದು ಹತ್ತರ ಮೇಲೆ! ಹಕ್ಕನ್ನು ಕಾಯುವ ಹೊಣೆಯೆಲ್ಲ ಅತ್ಯಂತ ದುರ್ಬಲರ ತಲೆಯ ಮೇಲೆ ಹೇರಿ, ಅವರು ಹೆದರಿ ಸುಮ್ಮನಿದ್ದರೆ ‘ಯಾರಿಗೂ ತೊಂದರೆಯಿಲ್ಲ’ ಎಂದು ತೀರ್ಮಾನಿಸುವುದು ಯಾವ ನ್ಯಾಯ? ಆ ಹೊಣೆ ಅನುಮತಿ ಕೊಡುವವರದಾಗಬೇಕು. ಅನುಮತಿಪತ್ರದಲ್ಲಿ ‘ರಾತ್ರಿ ಹತ್ತು’ ಎಂದು ಬರೆದವರೇ ಹತ್ತಕ್ಕೆ ಬಂದು ನಿಲ್ಲಿಸಬೇಕು. ಮೀರಿದರೆ ಬಾಡಿಗೆಗೆ ಪೆಟ್ಟಿಗೆ ಕೊಟ್ಟವರನ್ನೂ ಕೇಳಬೇಕು.

ಇದು ಮುದುಕರ ಸಿಡುಕು ಎಂದು ತಳ್ಳಿಹಾಕುವವರು ಬೀದಿಯ ಬೇರೆ ಕಿಟಕಿಗಳನ್ನೂ ಒಮ್ಮೆ ನೋಡಲಿ. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಓದುವ ಮಗು, ಬಾಣಂತಿ, ರೋಗಿ, ನಾಲ್ಕಕ್ಕೆದ್ದು ಮಾರುಕಟ್ಟೆಗೆ ಹೂವು, ತರಕಾರಿ ಸಾಗಿಸುವ ರೈತ ಎಲ್ಲರೂ ಮಗ್ಗುಲು ಬದಲಿಸುತ್ತಿರುತ್ತಾರೆ. ಅವರು ಬಾಯಿ ಬಿಡುವುದಿಲ್ಲ, ನಾವು ಬಿಡುತ್ತೇವೆ. ವ್ಯತ್ಯಾಸ ಅಷ್ಟೇ.

ನನ್ನ ವಯಸ್ಸಿನ ಓದುಗರಿಗೆ ಒಂದು ಮಾತು. ನಡುರಾತ್ರಿ ಒಬ್ಬರೇ ಹೋಗಿ ಜಗಳಕ್ಕೆ ನಿಲ್ಲಬೇಡಿ. ಕುಣಿತದ ಅಮಲಿನಲ್ಲಿರುವವರಿಗೆ ವಿವೇಕ ಹಿಡಿಯದು. ಶಾಮಿಯಾನದ ಗೂಟ ನೆಡುವ ಬೆಳಿಗ್ಗೆಯೇ ಹೋಗಿ. ನೀರು ಹಿಡಿಯಲು ಬೀದಿಯ ಹೆಂಗಸರೆಲ್ಲ ನೆರೆದಿರುವ ಹೊತ್ತಿನಲ್ಲಿ ಮಾತೆತ್ತಿ. ಮೊದಲು ಶುಭ ಹಾರೈಸಿ, ಆಮೇಲೆ ‘ಅಪ್ಪಾ, ಹತ್ತು ಗಂಟೆಗೆ ನಿಲ್ಲಿಸಿ’ ಎಂದು ನಾಲ್ವರ ಮುಂದೆ ಹೇಳಿ. ನಾಲ್ಕೈದು ಮನೆಯವರ ಸಹಿ ಹಾಕಿಸಿ ಠಾಣೆಗೆ ಮುಂಚಿತವಾಗಿಯೇ ಒಂದು ಪತ್ರ ಕೊಡಿ, ಅದರ ನಕಲು ಇಟ್ಟುಕೊಳ್ಳಿ. ಇನ್ನು ತಾರುಣ್ಯದವರಿಗೆ: ನಿಮ್ಮ ಸಂತೋಷಕ್ಕೆ ಅಡ್ಡ ಬರುವ ಇಚ್ಛೆ ನಮಗಿಲ್ಲ. ಸಂಜೆ ಆರರಿಂದ ಹತ್ತರವರೆಗೆ ನಾಲ್ಕು ಗಂಟೆ ಮಿತಿಯರಿತು ಹಾಡಿ, ಕುಣಿಯಿರಿ. ಕರೆದರೆ ಬಂದು ಅಕ್ಷತೆ ಹಾಕಿ ಊಟ ಮಾಡಿ ಹೋಗುತ್ತೇವೆ. ಆ ನಾಲ್ಕು ಗಂಟೆ ನಾವು ಅಡ್ಜಸ್ಟ್ ಮಾಡಿಕೊಳ್ಳುತ್ತೇವೆ. ಹತ್ತರ ಮೇಲೆ ನೀವು ಮಾಡಿಕೊಳ್ಳಿ. ಐದಕ್ಕೆ ನಮಗೆ ನೀರು ಹಿಡಿಯುವ ಕೆಲಸವಿದೆ.