ಕ್ಯಾಮೆರಾ ಯಾರ ಕೈಲಿದೆ?

ನಮ್ಮ ಸಂಸ್ಕೃತಿ ಉಳಿಸ್ತೀವಿ ಅಂತ ಹೊರಟವರು ಈಗ ಬಹಳ ಜನ. ಹಟ್ಟಿಗೆ, ಹಾಡಿಗೆ, ಕೊಪ್ಪಕ್ಕೆ ಕ್ಯಾಮೆರಾ ಹೊತ್ತು ಬರ್ತಾರೆ. ಮುದುಕಿಯನ್ನು ಕೂರಿಸಿ ಹಾಡಿಸ್ತಾರೆ, ತಮಟೆ ಬಡಿಸ್ತಾರೆ, ಪ್ಯಾಂಟು ಹಾಕಿದ ಹುಡುಗನಿಗೆ ಸೊಪ್ಪು ಕಟ್ಟಿ ಕುಣಿ ಅಂತಾರೆ. ತುಂಬಿಕೊಂಡು ಹೋಗ್ತಾರೆ. ಅದು ಯಾವ ಊರಿಗೆ ಹೋಯ್ತು, ಯಾರು ನೋಡಿದರು, ಎಷ್ಟು ದುಡ್ಡಾಯ್ತು ಎಂಬುದು ಹಾಡಿದವಳಿಗೆ ಗೊತ್ತಿಲ್ಲ. ಇದಕ್ಕೆ ಅವರಿಟ್ಟ ಹೆಸರು 'ಸಂರಕ್ಷಣೆ'. ಹುಲಿಯನ್ನು ಸಂರಕ್ಷಿಸಲು ನಾಗರಹೊಳೆಯ ಕಾಡಿಂದ ಜೇನುಕುರುಬರನ್ನು ಎಬ್ಬಿಸಿದರು. ಈಗ ಜೇನುಕುರುಬರ ಹಾಡನ್ನು ಸಂರಕ್ಷಿಸುತ್ತಾರಂತೆ!

ನಾವು ಕೇಳೋದು ಒಂದೇ ಪ್ರಶ್ನೆ. ಕ್ಯಾಮೆರಾ ಯಾರ ಕೈಲಿದೆ?

ಈ ಪ್ರಶ್ನೆ ನಮಗೆ ಮಾತ್ರ ಬಂದದ್ದಲ್ಲ. ಕೆನಡಾ ದೇಶದ ಉತ್ತರದ ಹಿಮದ ಸೀಮೆಯಲ್ಲಿ ಒಂದು ಜನ ಇದ್ದಾರೆ. ಹೊರಗಿನವರು ಅವರಿಗೆ 'ಎಸ್ಕಿಮೊ' ಎಂದು ಹೆಸರಿಟ್ಟರು, ನಮಗೆ ಕೇಳದೆ ನಮಗೆ ಹೆಸರಿಟ್ಟ ಹಾಗೆ. ಅವರು ತಮ್ಮನ್ನು ಕರೆದುಕೊಳ್ಳೋದು 'ಇನೂಯಿಟ್' ಅಂತ. ಅವರ ಭಾಷೆಯಲ್ಲಿ ಅದರ ಅರ್ಥ 'ಜನ', ಅಷ್ಟೇ. 1940ರ ದಶಕದಿಂದ ಅಲ್ಲಿನ ಸರ್ಕಾರ ಅವರ ಹೆಸರು ಬರೆದುಕೊಳ್ಳಲಾರದೆ ಒಬ್ಬೊಬ್ಬರಿಗೂ ಒಂದೊಂದು ನಂಬರಿನ ಬಿಲ್ಲೆ ಕೊಟ್ಟಿತು. ಮಕ್ಕಳನ್ನು ವಸತಿಶಾಲೆಗಳಿಗೆ ಒಯ್ದು ತಾಯಿಭಾಷೆ ಬಿಡಿಸಿತು.

ಇದಕ್ಕೂ ಮೊದಲೇ, 1922ರಲ್ಲಿ, ರಾಬರ್ಟ್ ಫ್ಲಾಹರ್ಟಿ ಎಂಬ ಬಿಳಿಯ 'ನಾನೂಕ್ ಆಫ್ ದ ನಾರ್ತ್' ಎಂಬ ಚಿತ್ರ ತೆಗೆದ. ದುಡ್ಡು ಹಾಕಿದ್ದು ತುಪ್ಪಳದ ವ್ಯಾಪಾರದ ಫ್ರೆಂಚ್ ಕಂಪನಿ. ಜಗತ್ತೆಲ್ಲ ಅದನ್ನು ಸಾಕ್ಷ್ಯಚಿತ್ರಗಳ ಅಜ್ಜ ಅಂತ ಹೊಗಳಿತು. ಸಾಕ್ಷ್ಯ ಏನು ಗೊತ್ತಾ? ನಾಯಕನ ಹೆಸರು ನಾನೂಕ್ ಅಲ್ಲ, ಅಲ್ಲಾಕರಿಯಲ್ಲಾಕ್. ಹೆಂಡತಿ ಅಂತ ತೋರಿಸಿದವಳು ಅವನ ಹೆಂಡತಿಯಲ್ಲ. ಆ ಹೊತ್ತಿಗೆ ಅವರು ಕೋವಿ ಹಿಡಿದು ಬೇಟೆ ಆಡ್ತಿದ್ದರು. ಕ್ಯಾಮೆರಾ ಮುಂದೆ ಮಾತ್ರ ಹಳೇ ಈಟಿ ಹಿಡಿಸಿದರು. ಗ್ರಾಮಫೋನ್ ತಟ್ಟೆಯನ್ನು ಹಲ್ಲಲ್ಲಿ ಕಚ್ಚಿಸಿ, ನೋಡಿ ಎಷ್ಟು ಮುಗ್ಧರು ಅಂತ ನಗಿಸಿದರು. ಹಿಮದ ಮನೆಯೊಳಗೆ ಬೆಳಕು ಸಾಲಲಿಲ್ಲ ಅಂತ ಅರ್ಧ ಮನೆಯನ್ನೇ ಕೊಯ್ದು, ಆ ಚಳಿಯಲ್ಲಿ ಅವರನ್ನು ಮಲಗುವ ನಟನೆ ಮಾಡಿಸಿದರು. ಉಳಿಸುವವರ ಉಳಿಸುವಿಕೆ ಇದು! ಅವರಿಗೆ ಬೇಕಾದ್ದು ಬದುಕಿರುವ ಮನುಷ್ಯ ಅಲ್ಲ, ತಮ್ಮ ಕಣ್ಣಿಗೆ ಹಿತವಾದ ಹಳೇ ಗೊಂಬೆ.

ಈಗ ಅದೇ ಜನರ ಇಗ್ಲೂಲಿಕ್ ಎಂಬ ಊರಿನ ಕಥೆ ಕೇಳಿ. ಸರ್ಕಾರ ಉಪಗ್ರಹದಿಂದ ಟೆಲಿವಿಷನ್ ಕೊಡ್ತೀವಿ ಅಂತು. ಅದರಲ್ಲಿ ತಮ್ಮ ಭಾಷೆ ಇನುಕ್ಟಿಟುಟ್‌ನ ಕಾರ್ಯಕ್ರಮ ಇರಲಿಲ್ಲ. ಊರವರು 1975ರಲ್ಲಿ ಓಟು ಹಾಕಿ ಬೇಡ ಅಂದರು. 1979ರಲ್ಲಿ ಮತ್ತೆ ಓಟು ಹಾಕಿ ಮತ್ತೆ ಬೇಡ ಅಂದರು. ಅವರದೇ ಭಾಷೆಯ ಪ್ರಸಾರ ಸಂಸ್ಥೆ ಬಂದದ್ದು 1980ರ ದಶಕದ ಆರಂಭದಲ್ಲಿ. ಆ ಮೇಲೆಯೇ ಟೆಲಿವಿಷನ್ ಊರೊಳಗೆ ಬಂತು. ಪುಕ್ಕಟೆ ಕೊಟ್ಟದ್ದನ್ನೂ, ನಮ್ಮ ಮಾತಿಲ್ಲದಿದ್ದರೆ ಬೇಡ ಅನ್ನೋ ಧೈರ್ಯ ನೋಡಿ!

ಆ ಊರಿನ ಝಕರಿಯಾಸ್ ಕುನೂಕ್ ಕಲ್ಲಿನಲ್ಲಿ ಗೊಂಬೆ ಕೆತ್ತುವವನು. 1981ರಲ್ಲಿ ಗೊಂಬೆಗಳನ್ನು ಮಾಂಟ್ರಿಯಲ್ ಪಟ್ಟಣದಲ್ಲಿ ಮಾರಿ ವಿಡಿಯೋ ಕ್ಯಾಮೆರಾ ಕೊಂಡು ತಂದ. 1990ರಲ್ಲಿ ಗೆಳೆಯರ ಜೊತೆ 'ಇಸುಮಾ' ಎಂಬ ಸಂಸ್ಥೆ ಕಟ್ಟಿದ. ಇಸುಮಾ ಅಂದರೆ ವಿಚಾರ ಮಾಡೋದು. 2001ರಲ್ಲಿ 'ಅಟನಾರ್ಜುವಾಟ್' ಎಂಬ ಚಿತ್ರ ಬಂತು, ಇನುಕ್ಟಿಟುಟ್ ಭಾಷೆಯ ಮೊದಲ ಪೂರ್ಣ ಕಥಾಚಿತ್ರ. ಹಿರಿಯರ ಬಾಯಲ್ಲಿದ್ದ ಕಥೆ, ನಟಿಸಿದವರು ಅವರದೇ ಜನ, ಚರ್ಮದ ಬಟ್ಟೆ ಹೊಲಿದವರೂ ಅವರೇ. ಕಾನ್ ಚಿತ್ರೋತ್ಸವದಲ್ಲಿ ಮೊದಲ ಚಿತ್ರಕ್ಕೆ ಕೊಡುವ ಪ್ರಶಸ್ತಿ ಅದಕ್ಕೆ ಬಂತು. ಆದರೆ ಪ್ರಶಸ್ತಿಗಿಂತ ದೊಡ್ಡ ವಿಷಯ ಬೇರೆ ಇದೆ. ಹಳೇ ಕಥೆಯಲ್ಲಿ ನಾಯಕ ಶತ್ರುಗಳನ್ನು ಕೊಂದು ಸೇಡು ತೀರಿಸ್ಕೊತಾನೆ. ಚಿತ್ರದಲ್ಲಿ ಕೊಲ್ಲೋದು ಇಲ್ಲಿಗೆ ಸಾಕು ಅಂತಾನೆ. ಕಥೆಯ ಕೊನೆಯನ್ನೇ ಬದಲಾಯಿಸಿದರು!

ಹೊರಗಿನ ಸಂರಕ್ಷಕ ಇದನ್ನು ಒಪ್ತಾನಾ? 'ಮೂಲ ಕೆಟ್ಟುಹೋಯ್ತು' ಅಂತ ಎದೆ ಬಡಕೊಳ್ತಾನೆ. ಅವನಿಗೆ ನಮ್ಮ ಸಂಸ್ಕೃತಿ ಉಪ್ಪಿನಕಾಯಿ. ಭರಣಿಯಲ್ಲಿ ಹಾಗೇ ಇರಬೇಕು. ಅದನ್ನು ಉಂಡು ಬೆಳೆದವರಿಗೆ ಮಾತ್ರ ಯಾವುದು ಇರಲಿ, ಯಾವುದು ಹೋಗಲಿ ಅನ್ನೋ ಹಕ್ಕು.

ಈ ಹಕ್ಕಿನ ಮಾತು ಇಲ್ಲಿ ಎಷ್ಟು ಮುಖ್ಯ ಅಂತ ತುಳುನಾಡಿನ ಕೊರಗರನ್ನು ಕೇಳಿ. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸೋದು, ಕಂಬಳಕ್ಕೆ ಮುಂಚೆ ಕೋಣಗಳ ಹಾಗೆ ಓಡಿಸೋದು: ಇದನ್ನೂ 'ಸಂಪ್ರದಾಯ' ಅಂತಲೇ ಉಳಿಸಿಕೊಂಡು ಬಂದರು. ಹೆಸರು ಅಜಲು. ಅದನ್ನು ನಿಷೇಧಿಸುವ ಕಾಯ್ದೆ ಬರಲು 2000ನೇ ಇಸವಿ ಆಗಬೇಕಾಯ್ತು. ಕೊರಗರ ಡೋಲನ್ನು ಚಿತ್ರ ತೆಗೆಯಲು ಬರುವವನೇ, ನೀನು ತೆಗೆಯೋದು ಡೋಲಿನ ನಾದವನ್ನೋ, ಅಜಲಿನ ಅವಮಾನವನ್ನೋ? ಇವೆರಡನ್ನೂ ಬಿಡಿಸಿ ತೋರಿಸೋ ಕಣ್ಣು ಡೋಲು ಹೊತ್ತವನಿಗೇ ಇರೋದು.

1975ರಲ್ಲಿ 'ಚೋಮನ ದುಡಿ' ಚಿತ್ರ ಬಂತು, ರಾಷ್ಟ್ರದ ಸ್ವರ್ಣಕಮಲವೂ ಬಂತು. ಒಳ್ಳೆಯ ಚಿತ್ರ, ಇಲ್ಲ ಅನ್ನಲ್ಲ. ಕಾದಂಬರಿ ಶಿವರಾಮ ಕಾರಂತರದು, ನಿರ್ದೇಶನ ಬಿ.ವಿ. ಕಾರಂತರದು. ದುಡಿ ಮಾತ್ರ ಚೋಮನದು. ಚೋಮನ ಮೊಮ್ಮಕ್ಕಳು ತೆಗೆದಿದ್ದರೆ ಚೋಮ ಹಾಗೇ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾ ಸಾಯ್ತಿದ್ದನಾ? ನಾವು ಕೇಳ್ತೀವಿ. ಕೇಳೋದು ತಪ್ಪಾ?

ಕೆಲವರು ಅಂತಾರೆ: ಭಾಷೆ ಸಾಯ್ತಿದೆ, ಯಾರಾದರೂ ಸರಿ ಮೊದಲು ರೆಕಾರ್ಡ್ ಮಾಡಲಿ. ಮಾಡಲಿ. ಆದರೆ ಕಪಾಟಿನೊಳಗಿನ ರೆಕಾರ್ಡು ಮಗುವಿಗೆ ಮಾತು ಕಲಿಸೋದಿಲ್ಲ. ಕೆನಡಾದ ಪಶ್ಚಿಮ ತೀರದಲ್ಲಿ ಹೈಡಾ ಎಂಬ ಜನರ ಭಾಷೆಯನ್ನು ಸರಾಗ ಆಡುವವರು ಸುಮಾರು 20 ಮಂದಿ ಉಳಿದಿದ್ದಾಗ, 2018ರಲ್ಲಿ ಆ ಭಾಷೆಯಲ್ಲೇ ಪೂರ್ತಿ ಚಿತ್ರವೊಂದು ಬಂತು. ನಟರಿಗೇ ಭಾಷೆ ಬರುತ್ತಿರಲಿಲ್ಲ. ಹಿರಿಯರು ಶಿಬಿರದಲ್ಲಿ ಕೂತು ಕಲಿಸಿದರು. ಸಿನಿಮಾ ಅಲ್ಲಿ ಇಸ್ಕೂಲಾಯ್ತು. ನಮ್ಮ ಕೊರಗ ಭಾಷೆಗೆ, ಸೋಲಿಗರ ನುಡಿಗೆ ಇಸ್ಕೂಲಿಲ್ಲ. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಅವುಗಳ ಹೆಸರೂ ಇಲ್ಲ.

ದುಡ್ಡೆಲ್ಲಿದೆ ಅಂತಾರೆ ಇನ್ನು ಕೆಲವರು. ಇನೂಯಿಟರ ಕೇಪ್ ಡಾರ್ಸೆಟ್ ಊರಿನ ಜನ 1970ರ ದಶಕದ ಆರಂಭದಲ್ಲೇ ತಾವೇ ಚಿತ್ರ ಬರೆದು ಅನಿಮೇಷನ್ ಮಾಡಿದರು. 2021ರಲ್ಲಿ ಕುನೂಕ್ ಗೊಂಬೆಗಳನ್ನು ಚೂರು ಚೂರೇ ಸರಿಸಿ ತೆಗೆದ ಚಿತ್ರದಲ್ಲಿ ಒಬ್ಬಳು ಹುಡುಗಿ ಅಜ್ಜಿಯಿಂದ ಮದ್ದಿನ ವಿದ್ಯೆ ಕಲೀತಾಳೆ, ತನ್ನ ಭಾಷೆಯಲ್ಲೇ. ಅನಿಮೇಷನ್ನಿಗೆ ನಮ್ಮವರನ್ನು ಅರೆಬೆತ್ತಲೆ ನಿಲ್ಲಿಸಬೇಕಾಗಿಲ್ಲ. ಮಣ್ಣು ಸಾಕು, ಇದ್ದಲು ಸಾಕು, ಹಟ್ಟಿಯ ಮಕ್ಕಳ ಕೈ ಸಾಕು. ಕ್ಯಾಮೆರಾ ಈಗ ಕೂಲಿಯವನ ಜೇಬಿನ ಫೋನಿನಲ್ಲೇ ಇದೆ. ಮಿಕ್ಕ ಖರ್ಚಿಗೆ ಭಿಕ್ಷೆ ಬೇಡ. ಪರಿಶಿಷ್ಟರ ಪಾಲಿನ ಹಣ ಪರಿಶಿಷ್ಟರಿಗೇ ಅಂತ 2013ರಲ್ಲಿ ಈ ರಾಜ್ಯದಲ್ಲೇ ಕಾಯ್ದೆ ಆಗಿದೆ. ಆ ಹಣದಲ್ಲಿ ನಮ್ಮ ಮಕ್ಕಳಿಗೆ ಈ ವಿದ್ಯೆ ಕಲಿಸಿ ಅನ್ನೋದು ನಮ್ಮ ಹಕ್ಕಿನ ಮಾತು.

ಆದ್ದರಿಂದ ಗೆಳೆಯರೇ, ಇನ್ನು ಮುಂದೆ ಯಾರೇ ಚಿತ್ರ ತೆಗೆಯಲು ಬಂದರೂ ಹಟ್ಟಿಯ ಬಾಗಿಲಲ್ಲೇ ನಿಲ್ಲಿಸಿ ಕೇಳಿ. ಹಾಡಿದವಳ ಹೆಸರು ಹಾಕ್ತೀರಾ? ಪಾಲು ಕೊಡ್ತೀರಾ? ಒಂದು ಪ್ರತಿ ಇಲ್ಲೇ ಬಿಡ್ತೀರಾ? ನಮ್ಮ ಹುಡುಗ ಹುಡುಗಿಯರಿಗೆ ಕೆಲಸ ಕಲಿಸ್ತೀರಾ? ಹೌದು ಅಂದರೆ ಚಾಪೆ ಹಾಸಿ. ಇಲ್ಲ ಅಂದರೆ, ಇಗ್ಲೂಲಿಕ್ಕಿನವರು ಎರಡು ಸಲ ಹೇಳಿದ ಮಾತನ್ನು ನಾವೂ ಹೇಳೋಣ: ಬೇಡ!