ಬೆಂಗಳೂರಿನ ಬಯೋಟೆಕ್ ಸಮ್ಮೇಳನ: ಉಪ್ಪಳದ ಯುವಕರಿಗೆ ಇದರಲ್ಲೇನಿದೆ?

2025ರ ನವೆಂಬರ್ 18ರಿಂದ 20ರವರೆಗೆ ನಡೆದ ಬೆಂಗಳೂರು ಟೆಕ್ ಸಮಿಟ್ ಬರೀ ಐಟಿಯವರ ಜಾತ್ರೆ ಅಂತ ಗಡಿನಾಡಲ್ಲಿ ಹೆಚ್ಚಿನವರು ಅಂದುಕೊಂಡಿದ್ದಾರೆ. ಆದರೆ ಹಿಂದೆ 'ಬೆಂಗಳೂರು ಬಯೋ' ಎಂದು ಬೇರೆಯೇ ನಡೆಯುತ್ತಿದ್ದ ಬಯೋಟೆಕ್ ಸಮ್ಮೇಳನವೂ ಈಗ ಇದರೊಳಗಿದೆ. ದೇಶ ವಿದೇಶದ ಸಂಶೋಧಕರು, ಕಂಪೆನಿಗಳು, ಹಣ ಹೂಡುವವರು ಅಲ್ಲಿ ಮುಖಾಮುಖಿಯಾಗುತ್ತಾರೆ. ಲ್ಯಾಬ್ ಮತ್ತು ವ್ಯಾಪಾರ ಕೈಜೋಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಬಯೋಕಾನ್ ಸಾಕ್ಷಿ. 1978ರಲ್ಲಿ ಕಿರಣ್ ಮಜುಂದಾರ್ ಶಾ ಗ್ಯಾರೇಜೊಂದರಲ್ಲಿ ಪಪ್ಪಾಯಿ ಕಿಣ್ವದಿಂದ ಶುರು ಮಾಡಿದ ಕಂಪೆನಿ ಇವತ್ತು ಇನ್ಸುಲಿನ್ ತಯಾರಿಸುತ್ತಿದೆ.

ಉಪ್ಪಳದಲ್ಲಿ ಸಯನ್ಸ್ ಅಂದರೆ ಎಂಬಿಬಿಎಸ್ ಇಲ್ಲವೇ ನರ್ಸಿಂಗ್. ಸೀಟು ಸಿಗದಿದ್ದರೆ ಗಲ್ಫ್ ವೀಸಾ. ಬಯೋಟೆಕ್ ಡಿಗ್ರಿ ಮುಗಿಸಿದ ಎಷ್ಟೋ ಹೆಣ್ಮಕ್ಕಳ ಓದು ಮದುವೆಯೊಂದಿಗೆ ನಿಲ್ಲುತ್ತದೆ. ಗಲ್ಫಿನ ದುಡ್ಡು ಕಟ್ಟಡಕ್ಕೆ, ಬಟ್ಟೆ ಅಂಗಡಿಗೆ ಹೋಗುತ್ತದೆ. ಓದಿದವರಲ್ಲಿ ಬಂಡವಾಳ ಇಲ್ಲ, ಬಂಡವಾಳ ಇದ್ದವರಿಗೆ ಆ ಓದಿನ ಬೆಲೆ ಗೊತ್ತಿಲ್ಲ. ಕೊರತೆ ಇರುವುದು ಇಲ್ಲೇ.

ದಾರಿ ಬೆಂಗಳೂರಿನಿಂದಲೇ ಶುರುವಾಗಬೇಕೆಂದೇನಿಲ್ಲ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಹುಟ್ಟಿದ ಸಿಪಿಸಿಆರ್‌ಐ ಪಕ್ಕದ ಕಾಸರಗೋಡಿನಲ್ಲೇ ಇದೆ. ಹುಳಿ ಬಾರದಂತೆ ತೆಂಗಿನ ರಸ ಇಳಿಸುವ 'ಕಲ್ಪರಸ' ವಿಧಾನ, ತೆಂಗಿನ ಚಿಪ್ಸ್ ಎಲ್ಲ ಅಲ್ಲಿನ ತಂತ್ರಜ್ಞಾನ. ಹೊಸ ಉದ್ಯಮಿಗಳಿಗೆ ತರಬೇತಿಯೂ ಸಿಗುತ್ತದೆ. ಇನ್ನು ಕೇಂದ್ರ ಸರಕಾರದ ಬಿರಾಕ್ ಸಂಸ್ಥೆಯ 'ಬಿಗ್' ಯೋಜನೆಯಲ್ಲಿ ಆಯ್ಕೆಯಾದ ಹೊಸ ಐಡಿಯಾಗೆ 50 ಲಕ್ಷ ರೂ.ವರೆಗೆ ನೆರವಿದೆ. ಅದು ಅನುದಾನ, ಸಾಲವಲ್ಲ. ಬಡ್ಡಿಯ ಪ್ರಶ್ನೆಯೇ ಬರುವುದಿಲ್ಲ.

ಜಮಾಅತ್‌ಗಳು, ಯುವಕ ಸಂಘಗಳು ರ‍್ಯಾಂಕ್ ಬಂದವರಿಗೆ ಸನ್ಮಾನ ಮಾಡುತ್ತಲೇ ಇವೆ. ಅದರ ಜತೆಗೆ ಬಯೋಟೆಕ್ ಓದಿದ ಹತ್ತು ಮಕ್ಕಳನ್ನೂ ಊರಿನ ಇಬ್ಬರು ವ್ಯಾಪಾರಿಗಳನ್ನೂ ಒಂದು ದಿನ ಸಿಪಿಸಿಆರ್‌ಐಗೆ ಕರಕೊಂಡು ಹೋಗಲಿ. ಶಾಲು, ಫಲಕದ ಖರ್ಚಿಗಿಂತ ಅದು ಹೆಚ್ಚೇನೂ ಆಗದು.