ಹಿಂಸಾಚಾರವೂ ಆಪ್ತರ ಮೌನವೂ

ಸ್ವದೇಶದ ಪ್ರಜೆಯೇ ಸ್ವದೇಶದ ಜನರ ಮೇಲೆ ಕೈಯೆತ್ತುವುದು ಯಾವ ರಾಷ್ಟ್ರಕ್ಕಾದರೂ ದುಸ್ಸಹವಾದ ಸಂಗತಿ. ಅಮೆರಿಕದ ಓಕ್ಲಹೋಮಾ ನಗರದಲ್ಲಿ 1995ನೆಯ ಏಪ್ರಿಲ್ 19ರಂದು ಸರಕಾರೀ ಕಟ್ಟಡವೊಂದು ಬಾಂಬಿಗೆ ತುತ್ತಾಗಿ, 19 ಮಕ್ಕಳೂ ಸೇರಿ 168 ಜನರು ಮಡಿದಾಗ, ಅನೇಕರ ಸಂಶಯವು ಮೊದಲು ಪರದೇಶೀಯರತ್ತ ತಿರುಗಿತು. ಆದರೆ ಅಪರಾಧಿಯಾಗಿ ಸಿಕ್ಕವನು ಆ ದೇಶದ ಸೈನ್ಯದಲ್ಲಿಯೇ ಸೇವೆ ಸಲ್ಲಿಸಿದ್ದ ತಿಮೋತಿ ಮ್ಯಾಕ್‌ವೇ.

ಇಂಥವರು ಹೇಗೆ ಹುಟ್ಟಿಕೊಳ್ಳುವರೆಂಬ ಶೋಧನೆಗೆ ಅಲ್ಲಿಯ ನ್ಯಾಯಖಾತೆಯ ಸಂಶೋಧನ ಸಂಸ್ಥೆಯು 2012ರಿಂದ ಧನಸಹಾಯ ನೀಡತೊಡಗಿತು. ಮತ, ವಿದ್ಯೆ, ಬಡತನ ಇವುಗಳಲ್ಲಿ ಯಾವುದೊಂದನ್ನು ನೋಡಿಯೂ ಹಿಂಸಾವಾದಿಯನ್ನು ಮುಂದಾಗಿ ಗುರುತಿಸಲು ಬಾರದೆಂಬುದು ವಿದ್ವಾಂಸರ ನಿರ್ಣಯ. ಇದಕ್ಕಿಂತಲೂ ವಿಚಾರಾರ್ಹವಾದುದು 2014ರಲ್ಲಿ ಪ್ರಕಟವಾದ ಪಾಲ್ ಗಿಲ್ ಮತ್ತು ಸಂಗಡಿಗರ ಅಧ್ಯಯನ. ಅಮೆರಿಕ, ಯುರೋಪುಗಳಲ್ಲಿ ಬಹುಮಟ್ಟಿಗೆ ಒಂಟಿಯಾಗಿ ಹಿಂಸೆಗಿಳಿದ 119 ಜನರ ವೃತ್ತಾಂತಗಳನ್ನು ಅವರು ಪರಿಶೀಲಿಸಿದರು. ಶೇಕಡಾ 64ರಷ್ಟು ಪ್ರಕರಣಗಳಲ್ಲಿ ಆ ಮನುಷ್ಯನ ಉದ್ದೇಶವು ಮನೆಯವರಿಗೋ ಮಿತ್ರರಿಗೋ ಮೊದಲೇ ತಿಳಿದಿತ್ತು!

ಹಾಗಾದರೆ ಬಲ್ಲವರು ಬಾಯಿ ಬಿಡದಿರುವುದೇಕೆ? ಮಮತೆಯೂ ಭಯವೂ ನಾಲಗೆಯನ್ನು ಕಟ್ಟುವುದು ಸ್ವಾಭಾವಿಕ. 1978ರಿಂದ 1995ರ ವರೆಗೆ ಬಾಂಬುಗಳಿಂದ 3 ಜನರನ್ನು ಕೊಂದು 23 ಜನರನ್ನು ಗಾಯಗೊಳಿಸಿದ ಥಿಯೊಡೋರ್ ಕಝಿನ್‌ಸ್ಕಿಯ ಸುಳಿವನ್ನು ಕೊಟ್ಟವರು ಅವನ ಒಡಹುಟ್ಟಿದ ತಮ್ಮ ಡೇವಿಡ್. ಪತ್ರಿಕೆಯಲ್ಲಿ ಅಚ್ಚಾದ ಬರಹದಲ್ಲಿ ಅವರು ಅಣ್ಣನ ಶೈಲಿಯನ್ನು ಗುರುತಿಸಿದ್ದರು. ಅವರ ಹೆಸರನ್ನು ಗುಟ್ಟಾಗಿಡುವುದಾಗಿ ಅಧಿಕಾರಿಗಳು ಮಾತುಕೊಟ್ಟಿದ್ದರೂ ಸುದ್ದಿ ಬಯಲಾಯಿತು. ಅಭಿಯೋಜಕರು ಮೊದಲು ಮರಣದಂಡನೆಯನ್ನೇ ಬಯಸಿದರು. 1998ರಲ್ಲಿ ಅಪರಾಧಿಯು ತಪ್ಪೊಪ್ಪಿಕೊಂಡ ಮೇಲೆ ಅದು ಆಜೀವ ಸೆರೆಯಾಗಿ ಮುಗಿಯಿತು. ಇದನ್ನು ಕಂಡ ಇನ್ನೊಬ್ಬ ತಮ್ಮನು ಠಾಣೆಯ ಮೆಟ್ಟಿಲೇರಲು ಹಿಂಜರಿದರೆ ಆಶ್ಚರ್ಯವೇನು?

ಅಮೆರಿಕದ ಸರಕಾರವು 2014ರಲ್ಲಿ ಬಾಸ್ಟನ್, ಲಾಸ್ ಏಂಜಲೀಸ್, ಮಿನಿಯಾಪೊಲಿಸ್ ನಗರಗಳಲ್ಲಿ ಸಮಾಜದ ಸಹಕಾರದಿಂದ ತೀವ್ರವಾದವನ್ನು ತಡೆಯುವ ಯೋಜನೆಯನ್ನು ಹೂಡಿತು. ಆದರೆ ಇದು ಸಹಾಯದ ವೇಷ ತೊಟ್ಟ ಗೂಢಚರ್ಯೆಯೆಂದು ಅಲ್ಲಿಯ ಮುಸಲ್ಮಾನರಲ್ಲಿ ಅನೇಕರು ಆಕ್ಷೇಪಿಸಿದರು. ಒಂದು ಸಮಾಜವನ್ನೇ ಸಂಶಯಕ್ಕೆ ಗುರಿಪಡಿಸಿ ಅದರಿಂದಲೇ ವಿಶ್ವಾಸವನ್ನು ಬೇಡುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ.

ಅಪರಾಧಿಗೆ ಶಿಕ್ಷೆಯಾಗಲೇಬೇಕು, ಈ ವಿಷಯದಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಅಪರಾಧಕ್ಕೆ ಮುಂಚೆ, ದಾರಿ ತಪ್ಪುತ್ತಿರುವ ಮಗನ ತಾಯಿಯು ಸೆರೆಮನೆಯ ಭಯವಿಲ್ಲದೆ ಹೋಗಿ ಕೇಳಬಹುದಾದ ಒಂದು ಸ್ಥಳವು ಬೇಕು. ಅಲ್ಲಿ ವೈದ್ಯರೂ ಉಪಾಧ್ಯಾಯರೂ ಇರಬೇಕು, ಕೊಟ್ಟ ಮಾತು ಉಳಿಯಬೇಕು. ಆಪ್ತರ ವಿಶ್ವಾಸವನ್ನು ಕಳೆದುಕೊಂಡ ಸರಕಾರಕ್ಕೆ ಅನಾಹುತದ ಸುದ್ದಿಯು ಅನಾಹುತವಾದ ಮೇಲೆಯೇ ತಲುಪುವುದು.